ಕೆಂಪು ಗೆರೆಯ ಅತ್ತೆ, ಬೂದು ಗೆರೆಯ ಹೆಂಡತಿ

೩ ಫೆಬ್ರವರಿ, ಸೋಮವಾರ

ಮನೆಯಲ್ಲಿ ಯುದ್ಧ ಮುಗಿಯಿತು. ಶತ್ರುಪಕ್ಷವೇ ಕದನವಿರಾಮ ಘೋಷಿಸಿದೆ. ನಾನು ಒಂದು ಗುಂಡನ್ನೂ ಹಾರಿಸಬೇಕಾಗಲಿಲ್ಲ, ಕುರ್ಚಿಯಿಂದ ಏಳಲೂ ಬೇಕಾಗಲಿಲ್ಲ.

ಜಗಳ ಅಡುಗೆಮನೆಯ ನಲ್ಲಿಯದು. ಅದು ತೊಟ್ಟಿಕ್ಕುತ್ತದೆ. ಕೋಟಿನ ಗುಂಡಿಯಷ್ಟಿರುವ ರಬ್ಬರ್ ವಾಷರ್ ಒಂದನ್ನು ಬದಲಾಯಿಸಿದರೆ ನಿಲ್ಲುತ್ತದೆ ಎಂದು ನನಗೂ ಗೊತ್ತು, ಹೆಂಡತಿಗೂ ಗೊತ್ತು, ಬಹುಶಃ ನಲ್ಲಿಗೂ ಗೊತ್ತು. ಕಳೆದ ಮಳೆಗಾಲದಿಂದ ಅವಳು ಕೇಳುತ್ತಲೇ ಇದ್ದಳು, ನಾನು ‘ಈ ಭಾನುವಾರ’ ಎನ್ನುತ್ತಲೇ ಇದ್ದೆ. ಭಾನುವಾರಗಳದ್ದೇನೂ ತಪ್ಪಿಲ್ಲ. ಅವು ಹೇಳಿದ ಸಮಯಕ್ಕೆ ಸರಿಯಾಗಿ ಬಂದು ಹೋಗಿವೆ.

ಇವತ್ತು ಬೆಳಿಗ್ಗೆ ಅವಳು ನಲ್ಲಿಯ ಕೆಳಗೊಂದು ಸ್ಟೀಲ್ ಬಟ್ಟಲಿಟ್ಟಳು. ಕೈ ಒರೆಸಿಕೊಂಡು, ದನಿ ಏರಿಸದೆ ಹೇಳಿದಳು: “ಇನ್ಮೇಲೆ ನಲ್ಲಿ ವಿಷಯ ನಾನು ಎತ್ತಲ್ಲ ರೀ. ನಲ್ಲಿ ಅಂತಲ್ಲ, ಏನೂ ಕೇಳಲ್ಲ.”

“ನಿಜವಾಗ್ಲೂ?” ಎಂದೆ. ಬಾಯಿ ತುಂಬ ಬ್ರೆಡ್ ಇದ್ದದ್ದರಿಂದ ಸಂತೋಷ ಪೂರ್ತಿ ಹೊರಬರಲಿಲ್ಲ.

“ನಿಜವಾಗ್ಲೂ.”

ಅಂತೂ ನಲ್ಲೆ ಸುಮ್ಮನಾದಳು. ನಲ್ಲಿ ಮಾತ್ರ ಟಪ್ ಟಪ್ ಎನ್ನುತ್ತಿದೆ.

ಕಚೇರಿಯಲ್ಲಿ ಇದೇ ಖುಷಿಯಲ್ಲಿ ಕೂತಿದ್ದಾಗ ದಪ್ಪಕ್ಷರ ಸಾಹೇಬರು ಕರೆಸಿದರು. ನಮ್ಮ ನೀರು ಸರಬರಾಜು ಕಚೇರಿಯ ಮುಖ್ಯಸ್ಥರು ಅವರು. ಯಾವ ಕಾಗದ ಕೊಟ್ಟರೂ “ಇದನ್ನ ಸ್ವಲ್ಪ ದಪ್ಪ ಮಾಡ್ರೀ” ಎನ್ನುವುದರಿಂದ ಆ ಹೆಸರು. ಆಳು ಮಾತ್ರ ಕಡ್ಡಿ.

“ನೋಡ್ರೀ,” ಎಂದರು. “ನಿಮ್ಮ ಸಾಫ್ಟ್‌ವೇರು ಊರಿನ ಪೈಪನ್ನೆಲ್ಲ ಕಂಪ್ಯೂಟರೊಳಗೆ ತುಂಬಿ, ದಿನಪೂರ್ತಿ ನೀರು ಹೆಂಗೆ ಹರಿಯುತ್ತೆ ಅಂತ ನಾಲ್ಕು ಗೆರೆ ಎಳೆಯುತ್ತೆ. ಒಪ್ಪಿದೆ. ಆದ್ರೆ ಯಾವ ಗೆರೆ ಯಾವುದು ಅಂತ ಊರಿನ ನೀರು ಸಮಿತಿಯೋರಿಗೆ ಗೊತ್ತಾಗ್ಬೇಡ್ವೇ? ಹೆಸರೆಲ್ಲ ಇಂಗ್ಲಿಷಲ್ಲಿ, ಅದೂ ಇರುವೆ ಸಾಲಿನ ಥರ. ಈ ತಿಂಗಳ ಕೊನೇಲಿ ಸಮಿತಿ ಸಭೆ. ಅಷ್ಟರಲ್ಲಿ ಎಲ್ಲ ನಮ್ಮ ಭಾಷೇಲಿ ಬರ್ಬೇಕು. ಇವತ್ತಿಂದ ಡಿಫಾಲ್ಟ್ ಸೆಟ್ಟಿಂಗಿನ ಜವಾಬ್ದಾರಿ ನಿಮ್ಮದು.”

“ದಪ್ಪ ಎಷ್ಟಿರ್ಬೇಕು ಸಾರ್?”

“ಕನ್ನಡಕ ಮರೆತು ಬಂದೋರಿಗೂ ಕಾಣ್ಬೇಕು.”

ಮನೆಯಲ್ಲಿ ಶಾಂತಿ, ಕಚೇರಿಯಲ್ಲಿ ಬಡ್ತಿಯಂಥದ್ದು. ಈ ತಿಂಗಳು ನನ್ನದೇ.

೫ ಫೆಬ್ರವರಿ, ಬುಧವಾರ

ಡಿಫಾಲ್ಟ್ ಮಜವಾದ ಪದಾರ್ಥ. ನಾವು ಏನೂ ಹೇಳದಿದ್ದರೆ ಸಾಫ್ಟ್‌ವೇರು ತಾನಾಗಿಯೇ ತೆಗೆದುಕೊಳ್ಳುವ ತೀರ್ಮಾನ ಅದು. ಗೆರೆ ಎಷ್ಟು ದಪ್ಪ, ಬಣ್ಣ ಯಾವುದು, ಹೆಸರೇನು, ಹೇಳಿದರೆ ಹೇಳಿದಂತೆ, ಹೇಳದಿದ್ದರೆ ಡಿಫಾಲ್ಟಿನಂತೆ. ಕೆಲವರು ಡಿಫಾಲ್ಟಿನಲ್ಲೇ ಫಾಲ್ಟಿದೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಬದುಕಿನ ಬಹುಪಾಲು ತೀರ್ಮಾನಗಳು ಹೀಗೆ ತಾವಾಗಿಯೇ ಆಗಿವೆ, ನಷ್ಟವೇನೂ ಕಂಡಿಲ್ಲ.

ಇದರಲ್ಲಿ ಮೂರು ಮಜಲು. ಸಾಫ್ಟ್‌ವೇರು ಮಾಡಿದವರದು ಒಂದು ಫೈಲು, ಕಚೇರಿಗೆಲ್ಲ ಸೇರಿ ಒಂದು ಫೈಲು, ನನಗೊಬ್ಬನಿಗೇ ಒಂದು ಫೈಲು. ಮೂರರಲ್ಲೂ ಬೇರೆ ಬೇರೆ ಬರೆದಿದ್ದರೆ ಕೊನೆಗೆ ಮಾತಾಡಿದವರ ಮಾತು ನಡೆಯುತ್ತದೆ. ನಮ್ಮ ಮನೆಯಲ್ಲಿ ನಡೆಯುತ್ತಿತ್ತಲ್ಲ, ಹಾಗೆ. ಈಗ ಅಲ್ಲಿ ಯಾರೂ ಮಾತಾಡುವುದಿಲ್ಲವಾದ್ದರಿಂದ ಆ ತೊಂದರೆಯೂ ಇಲ್ಲ.

ದಿನವೆಲ್ಲ ಅಕ್ಷರದ ಜೊತೆ ಗುದ್ದಾಟ. ಕೆಂಪು ಗೆರೆಗೆ ‘ಒತ್ತಡ’ ಎಂದು ಹೆಸರು ಕೊಟ್ಟರೆ ಒತ್ತಕ್ಷರ ಕಿತ್ತು ಪಕ್ಕಕ್ಕೆ ಬಿದ್ದು ನರಳುತ್ತಿತ್ತು. ಒತ್ತೇ ನಿಲ್ಲದ ಮೇಲೆ ಒತ್ತಡಕ್ಕೆ ಯಾರು ಹೆದರುತ್ತಾರೆ? ಫಾಂಟ್ ಬದಲಿಸಿ ಬದಲಿಸಿ ನೋಡಿದೆ. ಪರೀಕ್ಷೆಗೆ ತಕಾರಕ್ಕೆ ಒತ್ತು ಇರುವ ಯಾವುದಾದರೂ ಪದ ಬೇಕಿತ್ತು. ಬೆರಳಿಗೆ ಮೊದಲು ಸಿಕ್ಕಿದ್ದು ‘ಅತ್ತೆ’. ಹಾಕಿದೆ. ಏನಾಶ್ಚರ್ಯ, ಗಟ್ಟಿಯಾಗಿ ನಿಂತರು! ನಮ್ಮ ಅತ್ತೆ ಎಲ್ಲಿ ಹೋದರೂ ಹಾಗೆಯೇ.

ಒಬ್ಬರನ್ನು ಕರೆದ ಮೇಲೆ ಉಳಿದವರನ್ನು ಬಿಡುವುದು ಹೇಗೆ? ಟ್ಯಾಂಕಿನ ನೀರಿನ ಮಟ್ಟ ತೋರಿಸುವ ನೀಲಿ ಗೆರೆಗೆ ‘ಮಾವ’ ಎಂದೆ. ಹಗಲೆಲ್ಲ ಮೆಲ್ಲಗೆ ಇಳಿದು, ಎಲ್ಲರೂ ಮಲಗಿದ ಮೇಲೆ ಸದ್ದಿಲ್ಲದೆ ತುಂಬಿಕೊಳ್ಳುವ ಸ್ವಭಾವ ಇಬ್ಬರದೂ ಒಂದೇ. ಜನ ಎಷ್ಟು ನೀರು ಕೇಳುತ್ತಾರೆ ಎಂದು ತೋರಿಸುವ ಗೆರೆ ಬೇಡಿಕೆಯದು, ಅದಕ್ಕೆ ‘ಹೆಂಡತಿ’. ಅದು ಬೂದು ಬಣ್ಣದ್ದು, ತೆಳ್ಳಗೆ, ಹುಡುಕಿದರೆ ಕಾಣುತ್ತದೆ. ಬಣ್ಣ ಬದಲಾಯಿಸಲು ಯಾರೂ ಹೇಳಿರಲಿಲ್ಲ, ಹಾಗೇ ಬಿಟ್ಟೆ. ಉಳಿದದ್ದು ಸೋರಿಕೆಯ ಕಪ್ಪು ಗೆರೆ. ಎಲ್ಲಕ್ಕಿಂತ ಕೆಳಗೆ, ಯಾರ ಉಪಯೋಗಕ್ಕೂ ಬಾರದೆ, ಒಂದೇ ಸಮ ನಡೆದುಕೊಂಡು ಹೋಗುತ್ತದೆ. ಅದಕ್ಕೆ ‘ನಾನು’ ಎಂದು ಹಾಕಿದೆ. ವಿನಯ ಒಳ್ಳೆಯದು.

ನಾಲ್ಕೂ ಒತ್ತು, ಕೊಂಬು, ಸೊನ್ನೆ ಸಮೇತ ಚಂದವಾಗಿ ಮೂಡಿದವು. ಸೇವ್ ಮಾಡಿ ಮನೆಗೆ ಬಂದೆ. ನಾಳೆ ಸರಿಯಾದ ಹೆಸರು ಹಾಕಿದರಾಯಿತು.

೬ ಫೆಬ್ರವರಿ, ಗುರುವಾರ

ಸಣ್ಣ ಜ್ವರ. ರಜೆ.

ಹೆಂಡತಿ ಬಟ್ಟಲಿನೊಳಗೆ ಒಂದು ಬಟ್ಟೆ ಹಾಸಿದ್ದಾಳೆ. ಈಗ ಹನಿ ಬಿದ್ದರೂ ಸದ್ದಿಲ್ಲ. ಎಂಥ ಉಪಾಯ! ಹೊಗಳಿದೆ. “ಹೂಂ” ಎಂದಳು. ಮಾತ್ರೆ, ಬಿಸಿನೀರು ಕೇಳುವ ಮೊದಲೇ ಬಂದವು. ಬೇರೇನೂ ಬರಲಿಲ್ಲ.

೧೦ ಫೆಬ್ರವರಿ, ಸೋಮವಾರ

ಜ್ವರ ಬಿಟ್ಟು ಕುರ್ಚಿಯಲ್ಲಿ ಕೂತೆನೋ ಇಲ್ಲವೋ, ಪಂಪ್‌ಹೌಸಿನಿಂದ ಫೋನು.

“ಸಾರ್, ಇವತ್ತು ಅತ್ತೆ ಆರು ದಾಟ್ತಾ ಇದಾರೆ. ಸ್ವಲ್ಪ ಇಳಿಸ್ಲಾ?”

“ಯಾರ ಅತ್ತೆ ರೀ?”

“ಯಾರ ಅತ್ತೆನೋ ನಂಗೇನ್ ಗೊತ್ತು ಸಾರ್? ನಿಮ್ಮ ಗ್ರಾಫಲ್ಲಿ ಬಂದಿದೆ. ಕೆಂಪಗಾಗಿದಾರೆ.”

ಫೋನ್ ಕೈಯಲ್ಲೇ ಇತ್ತು, ಜೀವ ಅಷ್ಟು ಹತ್ತಿರ ಇರಲಿಲ್ಲ. ನೋಡಿದರೆ, ನನ್ನ ಸ್ವಂತದ ಫೈಲಿನಲ್ಲಿ ಉಳಿಸಬೇಕಾದದ್ದನ್ನು ಕಚೇರಿಗೆಲ್ಲ ಸೇರಿದ ಫೈಲಿನಲ್ಲಿ ಉಳಿಸಿದ್ದೇನೆ. ಹೊಸ ಅಧಿಕಾರ ಬಂದದ್ದೇ ಬಂದದ್ದು, ಸಾಫ್ಟ್‌ವೇರು ನನ್ನ ಪ್ರತಿ ಉಸಿರನ್ನೂ ಕಚೇರಿಯ ಆದೇಶವೆಂದು ತಿಳಿದಿದೆ. ಗುರುವಾರದಿಂದ ಈಚೆಗೆ ನಮ್ಮ ಕಟ್ಟಡದಿಂದ ಹೊರಟ ಪ್ರತಿ ಗ್ರಾಫಿನಲ್ಲೂ ನನ್ನ ಸಂಸಾರ ಅಚ್ಚಾಗಿದೆ.

ಗಾಬರಿ ಹುಟ್ಟಿಸಿದ್ದು ಅದಲ್ಲ. ಯಾರೊಬ್ಬರೂ ದೂರು ಕೊಟ್ಟಿರಲಿಲ್ಲ.

ಪಕ್ಕದ ಮೇಜಿನ ಮೀಟರ್ ಮೇಡಂ (ಊರಿನ ನೀರಿನ ಮೀಟರುಗಳೆಲ್ಲ ಅವರ ಸುಪರ್ದಿಯಲ್ಲಿವೆ) ಬಾಗಿ ಹೇಳಿದರು, “ನಂಗಂತೂ ಚೆನ್ನಾಗಿ ಅರ್ಥ ಆಯ್ತು ಸಾರ್. ಇಷ್ಟು ವರ್ಷದಲ್ಲಿ ಮೊದಲ್ನೇ ಸಲ. ಮಾವ ಇಳೀತಾ ಇದಾರೆ ಅಂದ್ರೆ ಸಾಕು, ಮನೇಲಿ ಏನ್ ನಡೀತಿದೆ ಅಂತ ಗೊತ್ತಾಗುತ್ತಲ್ಲ.”

“ಮೇಡಂ, ಅದು ಟ್ಯಾಂಕು.”

“ಅದೇ ಅಂದೆ.”

ತಕ್ಷಣ ಬದಲಾಯಿಸಲು ಹೊರಟೆ. ಅಷ್ಟರಲ್ಲಿ ದಪ್ಪಕ್ಷರ ಸಾಹೇಬರು ಬಂದು ಮೌಸಿನ ಮೇಲೆ ಕೈಯಿಟ್ಟರು. ಸಮಿತಿಗೆ ಹೋಗುವ ವರದಿ ಶುಕ್ರವಾರವೇ ಅಚ್ಚಾಗಿ, ಬೈಂಡಾಗಿ, ಸದಸ್ಯರ ಮನೆ ತಲುಪಿದೆಯಂತೆ.

“ಅಚ್ಚಾಗಿರೋದೊಂದು, ಪರದೆ ಮೇಲೆ ಇನ್ನೊಂದು ಅಂದ್ರೆ ನನ್ನ ಮಾನ ಏನಾಗ್ಬೇಕ್ರೀ?”

“ಆದ್ರೆ ಸಾರ್, ಇದು ತಪ್ಪು...”

“ತಪ್ಪು ಒಂದೇ ಕಡೆ ಇದ್ರೆ ತಪ್ಪು. ಎಲ್ಲ ಕಡೆ ಇದ್ರೆ ಡಿಫಾಲ್ಟು.”

೧೨ ಫೆಬ್ರವರಿ, ಬುಧವಾರ

ಸುತ್ತೋಲೆ ಹೊರಟಿದೆ. ದಪ್ಪಕ್ಷರದಲ್ಲಿ. ‘ಇನ್ನು ಮುಂದೆ ಕಚೇರಿಯ ಸಮಸ್ತ ವ್ಯವಹಾರಗಳಲ್ಲಿ ಅತ್ತೆ ಎಂದರೆ ಪೈಪಿನೊಳಗಿನ ಒತ್ತಡ ಎಂದೂ, ಮಾವ ಎಂದರೆ ಟ್ಯಾಂಕಿನ ಮಟ್ಟ ಎಂದೂ, ಹೆಂಡತಿ ಎಂದರೆ ಸಾರ್ವಜನಿಕರ ಬೇಡಿಕೆ ಎಂದೂ, ನಾನು ಎಂದರೆ ಸೋರಿಕೆ ಎಂದೂ ತಿಳಿಯತಕ್ಕದ್ದು. ಅತ್ತೆಯನ್ನು ಬಾರ್‌ಗಳಲ್ಲಿಯೂ ಹೆಂಡತಿಯನ್ನು ಲೀಟರ್‌ಗಳಲ್ಲಿಯೂ ಅಳೆಯತಕ್ಕದ್ದು.’

ಕೆಳಗೆ ಸಾಹೇಬರ ಸಹಿ. ಅದೂ ದಪ್ಪ.

ಮಧ್ಯಾಹ್ನದ ಹೊತ್ತಿಗೆ ಜನ ಒಗ್ಗಿಹೋಗಿದ್ದರು. ಬಾಗಿಲ ಬಳಿ ಇಬ್ಬರು ಎಂಜಿನಿಯರುಗಳು ಪಿಸುಗುಡುತ್ತಿದ್ದರು: “ಉತ್ತರ ಬಡಾವಣೇಲಿ ಹೆಂಡತಿ ಬೆಳಿಗ್ಗೆ ಎದ್ದ ತಕ್ಷಣ ವಿಪರೀತ ಕಣೋ.” “ದಕ್ಷಿಣದಲ್ಲಿ ಇಲ್ವೇ ಇಲ್ಲ. ನಾನೇ ಜಾಸ್ತಿ.”

ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿ ನಗಿಸೋಣವೆಂದುಕೊಂಡೆ. ಹೆಂಡತಿ ಟ್ರಂಕಿನ ಧೂಳು ಒರೆಸುತ್ತಿದ್ದಳು. ಏಕೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಯ ಹೊಸ ನೆಮ್ಮದಿಯನ್ನು ನಾನೇ ಕೆಡಿಸುವುದು ಬೇಡ.

೧೫ ಫೆಬ್ರವರಿ, ಶನಿವಾರ

ಹೆಂಡತಿ ತಾಯಿಮನೆಗೆ ಹೋದಳು. ಅವಳಮ್ಮನಿಗೆ ಮೊಣಕಾಲು ನೋವಂತೆ. ಎಷ್ಟು ದಿನ ಎಂದದ್ದಕ್ಕೆ “ನೋಡ್ತೀನಿ” ಎಂದಳು. ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಬಟ್ಟಲಿನ ನೀರು ಚೆಲ್ಲಿ, ಬಟ್ಟೆ ಹಿಂಡಿ ಮತ್ತೆ ಹಾಸಿ ಹೋದಳು.

ಮನೆ ಈಗ ಸಂಪೂರ್ಣ ಶಾಂತ. ಸ್ವಲ್ಪ ಜಾಸ್ತಿಯೇ ಶಾಂತ. ರೇಡಿಯೋ ಹಾಕಿದೆ.

೧೭ ಫೆಬ್ರವರಿ, ಸೋಮವಾರ

ಅತ್ತೆಯ ಫೋನು. ನಿಜವಾದ ಅತ್ತೆಯದು.

“ಅಳಿಯಂದ್ರೇ, ಊಟ ಆಯ್ತಾ?”

“ಆಯ್ತು ಅತ್ತೇ. ನಿಮ್ಮ ಮೊಣಕಾಲು ಹೇಗಿದೆ?”

“ಯಾವ ಮೊಣಕಾಲು?”

ಅವರೇ ಮುಂದುವರಿಸಿದರು.

“ನೋಡಿ ಅಳಿಯಂದ್ರೇ, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ಇವಳು ಬಂದಾಗಿಂದ ಒಂದು ಮಾತಿಲ್ಲ, ಕತೆಯಿಲ್ಲ. ಸೀರೆ ತರಲಾ ಅಂದ್ರೆ ಬೇಡ. ಸಿನಿಮಾಗೆ ಹೋಗೋಣ್ವಾ ಅಂದ್ರೆ ಬೇಡ. ಹುಟ್ಟಿದಾಗಿಂದ ಹಟಮಾರಿ ಅವಳು, ಚಂದ್ರ ಬೇಕು ಅಂತ ಸೂರಿನ ಕೆಳಗೆ ಕೂತು ಅತ್ತವಳು. ಏನ್ ಮಾಡಿದ್ರಿ ನನ್ನ ಮಗಳಿಗೆ?”

“ನಾನೇನೂ ಮಾಡಿಲ್ಲ ಅತ್ತೇ!” ಎಂದೆ. ದೇವರಾಣೆಗೂ ನಿಜ. ನಾನು ಏನೂ ಮಾಡಿಲ್ಲ.

“ಅದನ್ನೇ ನಾನೂ ಕೇಳ್ತಿರೋದು,” ಎಂದು ಇಟ್ಟರು.

ಸಂಜೆ ಮತ್ತೆ ಮಾಡಿದರು. ಅವಳು ಮೌನವಾದಷ್ಟೂ ಇವರು ಏರುತ್ತಿದ್ದಾರೆ. ಯಾಕೋ ಎಲ್ಲೋ ನೋಡಿದ ಗ್ರಾಫಿನಂತಿದೆ. ನೆನಪಾಗುತ್ತಿಲ್ಲ.

೨೦ ಫೆಬ್ರವರಿ, ಗುರುವಾರ

ಮುಗಿಯಿತು ಕತೆ. ವರದಿಯೊಳಗಿನ ಗ್ರಾಫು ಪತ್ರಿಕೆಗೆ ಸಿಕ್ಕಿದೆ. ಮೂರನೇ ಪುಟ, ಬಣ್ಣದಲ್ಲಿ. ತಲೆಬರಹ: ‘ಅತ್ತೆ ಏರಿಕೆ: ಪೈಪು ಒಡೆಯುವ ಭೀತಿ.’ ಕೆಳಗೆ ಸಣ್ಣಕ್ಷರದಲ್ಲಿ, ‘ಹೆಂಡತಿಯನ್ನು ತಗ್ಗಿಸಲು ಇಲಾಖೆ ಕ್ರಮ.’

ಕಚೇರಿ ತಲುಪುವ ಮೊದಲೇ ಫೋನು ಬಂತು.

“ಅಳಿಯಂದ್ರೇ, ಪೇಪರ್ ನೋಡಿದ್ರಾ?”

“ಇಲ್ಲವಲ್ಲ ಅತ್ತೇ.”

“ನಾನು ನೋಡ್ದೆ. ನಾಲ್ಕು ಮನೆಯೋರು ತಂದು ತೋರಿಸಿದ್ರು. ನಾನೇನ್ರೀ ನಿಮ್ಮೂರಿನ ಪೈಪ್ ಒಡೆದಿರೋದು?”

“ಅಯ್ಯೋ, ಅದು ನೀರಿನ ಒತ್ತಡ ಅತ್ತೇ! ಪರೀಕ್ಷೆಗೆ ಅಂತ ಹಾಕಿದ ಹೆಸರು, ಹಾಗೇ ಉಳೀತು. ಒತ್ತಡ ಕೆಟ್ಟದ್ದೇನಲ್ಲ. ಅದಿಲ್ಲದಿದ್ರೆ ಮೇಲಿನ ಮನೆಗಳಿಗೆ ನೀರೇ ಹತ್ತಲ್ಲ.”

ಆ ಕಡೆ ಉಸಿರಾಟ ಬದಲಾಯಿತು.

“ಹಂಗಾ? ಎಷ್ಟನೇ ಮಹಡೀವರೆಗೆ?”

“ಮೂರು, ನಾಲ್ಕು...”

“ಎಲ್ಲ ನನ್ನಿಂದಲೇ?”

“ಪೂರ್ತಿ ನಿಮ್ಮಿಂದಲೇ.”

“ಮತ್ತೆ ನಿಮ್ಮ ಮಾವ?”

“ಟ್ಯಾಂಕು. ತುಂಬ್ಕೊಂಡು ಸುಮ್ನೆ ಕೂತಿರೋದು.”

“ಅದು ಸರಿಯಾಗೇ ಹಾಕಿದೀರಿ,” ಎಂದರು. ಬಳಿಕ ಫೋನನ್ನು ಯಾರ ಕೈಗೋ ಕೊಟ್ಟ ಸದ್ದು.

“ಬೂದು ಬಣ್ಣದ ಗೆರೆ ನಾನಾ?” ಹೆಂಡತಿಯ ದನಿ.

“ಅದು ಬೇಡಿಕೆ... ಅಂದ್ರೆ ಹೆಸರು ನಿಂದು. ಬಣ್ಣ ನಾನು ಹಾಕಿದ್ದಲ್ಲ, ಆಣೆ. ಡಿಫಾಲ್ಟ್ ಅದು.”

“ಗೊತ್ತು,” ಎಂದಳು. “ನಮ್ಮನೇಲಿ ಎಲ್ಲ ಡಿಫಾಲ್ಟೇ.”

ಮತ್ತೆ ಅವಳೇ ಕೇಳಿದಳು, “ಕೆಳಗಡೆ ಕಪ್ಪು ಗೆರೆ, ‘ನಾನು’ ಅಂತಿದೆಯಲ್ಲ, ಅದು ಯಾರು?”

“ನಾನು. ಸೋರಿಕೆ.”

ಆ ಕಡೆಯಿಂದ ಒಂದು ಸದ್ದು ಬಂತು. ಕೆಮ್ಮೋ ನಗುವೋ ತಿಳಿಯಲಿಲ್ಲ. ಲೈನ್ ಸರಿಯಿರಲಿಲ್ಲ.

೨೪ ಫೆಬ್ರವರಿ, ಸೋಮವಾರ

ಸಮಿತಿಯನ್ನು ಖುಷಿಪಡಿಸಲು ದಪ್ಪಕ್ಷರ ಸಾಹೇಬರಿಗೆ ಹೊಸದೊಂದು ಹೊಳೆದಿದೆ.

“ನೀರು ಉಳಿಸಿ ಅಂತ ನಾವು ಬಾಯಿ ಬಡ್ಕೊಳ್ತೀವಲ್ಲ. ಜನ ನೀರು ಕೇಳೋದನ್ನ ಪೂರ್ತಿ ನಿಲ್ಲಿಸಿದ್ರೆ ಊರು ಎಷ್ಟು ಸುಖವಾಗಿರುತ್ತೆ ಅಂತ ಒಂದು ಗ್ರಾಫ್ ತೆಗೀರಿ. ಆದರ್ಶ ಸ್ಥಿತಿ! ಹೆಂಡತಿ ಸೊನ್ನೆ!”

ಆರ್ಡರ್ ಆರ್ಡರೇ. ಬೇಡಿಕೆಯನ್ನು ಸೊನ್ನೆಗೆ ಇಳಿಸಿ ಸಾಫ್ಟ್‌ವೇರನ್ನು ಓಡಿಸಿದೆ. ಬೂದು ಗೆರೆ ಅಡ್ಡಡ್ಡ ಮಲಗಿಬಿಟ್ಟಿತು, ಉಸಿರೇ ಇಲ್ಲದಂತೆ. ಕೆಂಪು ಅತ್ತೆ ನೆತ್ತಿಗೆ ಹತ್ತಿ ಅಲ್ಲೇ ಕೂತರು, ಇಳಿಯಲೇ ಇಲ್ಲ. ಮಾವ ತುಂಬಿ ತುಳುಕಿದರು. ಇಷ್ಟು ದಿನ ನೆಲಕ್ಕೆ ಅಂಟಿಕೊಂಡಿದ್ದ ಕಪ್ಪು ಗೆರೆ, ಅಂದರೆ ನಾನು, ದಿನದುದ್ದಕ್ಕೂ ಮೇಲೆ ಮೇಲೆ ಹೋದೆ. ಯಾರೂ ಕುಡಿಯದ, ಯಾರೂ ಸ್ನಾನ ಮಾಡದ, ಯಾರೂ ಒಂದು ಪಾತ್ರೆಯನ್ನೂ ತೊಳೆಯದ ಊರಿನಲ್ಲಿ ಟ್ಯಾಂಕಿನಿಂದ ಹೊರಟ ನೀರೆಲ್ಲ ನನ್ನ ಮೂಲಕ ಮಣ್ಣಿಗೆ.

ಲೆಕ್ಕ ತಪ್ಪಿರಬೇಕು ಎಂದು ಇನ್ನೊಮ್ಮೆ ಓಡಿಸಿದೆ. ತಪ್ಪಿರಲಿಲ್ಲ.

ಮೀಟರ್ ಮೇಡಂ ಪರದೆ ನೋಡಿ, “ಪಾಪ, ಹೆಂಡತಿ ಯಾಕ್ ಸಾರ್ ಹಿಂಗ್ ಮಲಗಿದಾಳೆ?” ಎಂದರು.

“ಇದು ಆದರ್ಶ ಸ್ಥಿತಿ ಮೇಡಂ.”

“ಯಾರಿಗೆ?”

ಉತ್ತರ ಹೇಳುವ ಮೊದಲೇ ಕಾಫಿ ಬಂತು. ಕುಡಿಯಲು ಮನಸ್ಸಾಗಲಿಲ್ಲ. ಸಕ್ಕರೆ ಕಡಿಮೆಯಿತ್ತೋ ಏನೋ.

೨೬ ಫೆಬ್ರವರಿ, ಬುಧವಾರ

ಸಮಿತಿ ಸಭೆ. ಎಲ್ಲವನ್ನೂ ಬರೆದಿಡಬೇಕು, ನಾಳೆ ನಾನೇ ನಂಬಲಿಕ್ಕಿಲ್ಲ.

ಉದ್ದ ಮೇಜು, ಬಿಳಿ ಬಟ್ಟೆ, ಪ್ರತಿಯೊಬ್ಬರ ಮುಂದೆ ಮುಚ್ಚಿದ ಗ್ಲಾಸಿನಲ್ಲಿ ನಮ್ಮದೇ ನೀರು. ಯಾರೂ ಮುಟ್ಟಲಿಲ್ಲ. ನಾನು ಗೋಡೆಯ ಮೇಲೆ ಗ್ರಾಫು ಬಿಟ್ಟೆ. ಅಧ್ಯಕ್ಷರು ಕನ್ನಡಕ ಮರೆತು ಬಂದಿದ್ದರು, ಆದರೂ ಓದಿದರು. ದಪ್ಪಕ್ಷರ ಸಾಹೇಬರು ನನ್ನ ಕಡೆ ಹೆಮ್ಮೆಯಿಂದ ನೋಡಿದರು.

ಆ ಹೆಮ್ಮೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅಧ್ಯಕ್ಷರು ಜೋರಾಗಿ ಓದುತ್ತ ಹೋದರು: “ನಾನು... ಎಲ್ಲರಿಗಿಂತ ಕೆಳಗಿದ್ದೇನೆ. ನಾನು... ಊರಿನ ನೀರನ್ನು ಹಗಲೂ ರಾತ್ರಿ ನುಂಗುತ್ತಿದ್ದೇನೆ. ಏನ್ರೀ ಇದು! ನಾನು ಯಾವಾಗ ನುಂಗಿದೆ?”

“ನೀವಲ್ಲ ಸಾರ್, ‘ನಾನು’ ಅಂದ್ರೆ ಸೋರಿಕೆ.”

“ನಾನು ಸೋರಿಕೆಯೇ?”

ಎಡಗಡೆಯ ಸದಸ್ಯರು ಸಮಾಧಾನ ಮಾಡಲು ಎದ್ದರು. “ಅಧ್ಯಕ್ಷರೇ, ಸುತ್ತೋಲೆ ಪ್ರಕಾರ ಓದಿದ್ರೆ ನಾನೇ ಸೋರಿಕೆ...” ಎಂದು ಅರ್ಧಕ್ಕೆ ನಿಂತು, ತಾವೇನು ಹೇಳಿದೆವೆಂದು ಹೊಳೆದು, ಕೂತುಬಿಟ್ಟರು. ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಡಿ ಎಂದು ಗುಮಾಸ್ತರಿಗೆ ಕೈಸನ್ನೆ ಮಾಡಿದರು. ಗುಮಾಸ್ತರು ಬರೆದಾಗಿತ್ತು.

ಗದ್ದಲ ತಣ್ಣಗಾದ ಮೇಲೆ ಆದರ್ಶ ಸ್ಥಿತಿಯ ಗ್ರಾಫು ಹಾಕಿದೆ. ಅಧ್ಯಕ್ಷರು ಕಣ್ಣು ಕಿರಿದು ಮಾಡಿ ನೋಡಿದರು.

“ಹೆಂಡತಿ ಏನೂ ಕೇಳ್ತಾ ಇಲ್ಲ. ಸರಿನಾ?”

“ಸರಿ ಸಾರ್.”

“ಹಂಗಾದ್ರೆ ಎಲ್ಲರೂ ಆರಾಮಾಗಿರ್ಬೇಕಲ್ರೀ? ಅತ್ತೆ ಯಾಕೆ ಅಷ್ಟು ಎತ್ತರದಲ್ಲಿದಾರೆ? ಈ ದರಿದ್ರ ‘ನಾನು’ ಯಾಕೆ ಹಿಂಗೆ ಸೋರ್ತಾ ಇದೆ?”

ಇದಕ್ಕೆ ಉತ್ತರ ಕಾಲೇಜಿನ ಎರಡನೇ ವರ್ಷದ ಪಾಠ. ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಶುರುಮಾಡಿದೆ.

“ಸಾರ್, ಕೇಳೋರು ಕೇಳ್ತಾ ಇದ್ರೆ ನೀರು ಹರಿಯುತ್ತೆ. ಹರೀತಾ ಇದ್ರೆ ಒತ್ತಡ ಹದದಲ್ಲಿರುತ್ತೆ. ಕೇಳೋದು ನಿಂತುಹೋದ್ರೆ...”

“ನಿಂತ್ರೆ?”

“ಹೊರಗಡೆಯಿಂದ ನೋಡೋರಿಗೆ ಶಾಂತಿ ಅನ್ಸುತ್ತೆ ಸಾರ್. ಶಾಂತಿ ಅಲ್ಲ ಅದು. ನೀರು ಎಲ್ಲೂ ಹೋಗಿರಲ್ಲ, ಎಲ್ಲ ಒಳಗೇ ಬಿಗಿದುಕೊಂಡು ನಿಂತಿರುತ್ತೆ. ಎಲ್ಲಿ ಸಣ್ಣ ತೂತಿದೆಯೋ ಅದನ್ನೇ ದೊಡ್ಡದು ಮಾಡುತ್ತೆ. ಆ ತೂತು ಮೊದಲಿಂದ್ಲೂ ಇತ್ತು. ಯಾರೂ... ಯಾರೂ ಒಂದು ವಾಷರ್ ಹಾಕ್ಲಿಲ್ಲ.”

ವಾಷರ್ ನಮ್ಮ ಕಂಪ್ಯೂಟರ್ ಮಾದರಿಯಲ್ಲೇ ಇಲ್ಲ, ಅದು ಎಲ್ಲಿಂದ ಬಂತೋ. ದನಿಯೂ ಕೊನೆಗೆ ಸ್ವಲ್ಪ ಒಡೆಯಿತು. ಮೈಕ್ ಹಳೆಯದು, ಬದಲಾಯಿಸಿ ಎಂದು ಹೋದ ವರ್ಷವೇ ಬರೆದುಕೊಟ್ಟಿದ್ದೇನೆ.

ಅಧ್ಯಕ್ಷರು ಬಹಳ ಹೊತ್ತು ಪರದೆ ನೋಡಿದರು. ನಂತರ ಯಾಕೋ ಫೋನ್ ತೆಗೆದು ಗೋಡೆಯ ಕಡೆ ತಿರುಗಿ, “ಏನಿಲ್ಲ ಕಣೇ, ಸುಮ್ನೆ ಮಾಡ್ದೆ. ಏನಾದ್ರೂ ತರ್ಬೇಕಾ?” ಎಂದು ಪಿಸುಗುಟ್ಟಿದರು.

ಸಭೆಯ ತೀರ್ಮಾನ: ಆದರ್ಶ ಸ್ಥಿತಿಯನ್ನು ಕೈಬಿಡುವುದು. ಹಳೆಯ ತೂತುಗಳನ್ನು ಮುಚ್ಚುವುದು. ಹೆಸರುಗಳು ಸುಲಭವಾಗಿ ಅರ್ಥವಾಗುವುದರಿಂದ ಹಾಗೇ ಮುಂದುವರಿಸುವುದು. ಆದರೆ ‘ನಾನು’ ಎಂಬುದರಿಂದ ಸದಸ್ಯರ ಮನಸ್ಸಿಗೆ ನೋವಾಗಿರುವ ಕಾರಣ ಆ ಗೆರೆಗೆ ‘ಅವನು’ ಎಂದು ಮರುನಾಮಕರಣ ಮಾಡುವುದು.

ಸರ್ವಾನುಮತ.

೨೭ ಫೆಬ್ರವರಿ, ಗುರುವಾರ

ಬಟ್ಟಲಿನಿಂದ ಬಟ್ಟೆ ತೆಗೆದೆ. ಸುಮ್ಮನೆ.

ಟಪ್. ಟಪ್.

೨ ಮಾರ್ಚ್, ಭಾನುವಾರ

ಬೇರೆ ಕೆಲಸವಿರಲಿಲ್ಲವಾದ್ದರಿಂದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ವಾಷರ್ ತಂದೆ. ಅಂಗಡಿಯವನು “ಯಾವ ಸೈಜು?” ಎಂದ. ಕೋಟಿನ ಗುಂಡಿ ತೋರಿಸಿದೆ. ಹೊಂದಿತು.

ಸ್ಪ್ಯಾನರ್ ಹಿಡಿದು ನಲ್ಲಿಯ ತಲೆ ಬಿಚ್ಚಿದೆ. ಆಮೇಲೆ ನಡೆದದ್ದನ್ನು ಬರೆಯಲು ನಾಚಿಕೆ. ಊರಿನ ಪ್ರತಿ ವಾಲ್ವನ್ನೂ ಕಂಪ್ಯೂಟರಿನಲ್ಲಿ ಕೂರಿಸಿದ ನಾನು, ಮನೆಯ ವಾಲ್ವನ್ನು ಮುಚ್ಚಿರಲಿಲ್ಲ. ನೀರು ಸೂರಿಗೆ ಹಾರಿತು. ಅಲ್ಲಿಂದ ನನ್ನ ಮೇಲೆ, ನನ್ನಿಂದ ನೆಲಕ್ಕೆ. ಒಂದು ಕೈಯಲ್ಲಿ ನಲ್ಲಿಯ ಬಾಯಿ ಮುಚ್ಚಿ ಹಿಡಿದು ಇನ್ನೊಂದರಲ್ಲಿ ಫೋನ್ ಮಾಡಿದೆ.

“ಮನೆ ವಾಲ್ವ್ ಎಲ್ಲಿದೆ?”

“ಯಾಕೆ? ಏನ್ ಸದ್ದು ಅದು?”

“ಹೇಳೇ ಬೇಗ, ಮುಳುಗ್ತಾ ಇದೀನಿ!”

“ಸಿಂಕ್ ಕೆಳಗೆ, ಕಸದ ಬುಟ್ಟಿ ಹಿಂದೆ. ಬಲಗಡೆ ತಿರುಗಿಸಿ. ಬಲಗಡೆ ರೀ! ಊಟ ಮಾಡೋ ಕೈ!... ನಿಂತ್ತಾ?”

“ನಿಂತ್ತು.”

“ಏನ್ ಮಾಡ್ತಾ ಇದ್ರಿ?”

“ವಾಷರ್ ಹಾಕ್ತಾ ಇದ್ದೆ.”

ನನ್ನ ಅಂಗಿಯಿಂದ ನೀರು ತೊಟ್ಟಿಕ್ಕುವುದು ಅವಳಿಗೂ ಕೇಳಿಸಿರಬೇಕು. ಆಮೇಲೆ ಶುರುವಾಯಿತು ನಗು. ಕೆಮ್ಮಲ್ಲ, ನಗುವೇ. ಈ ಸಲ ಲೈನ್ ಚೆನ್ನಾಗಿತ್ತು.

“ಒರೆಸೋ ಬಟ್ಟೆ ಬಾಗಿಲ ಹಿಂದಿದೆ,” ಎಂದಳು ನಗುತ್ತಲೇ. “ನನ್ನ ಟವೆಲಲ್ಲಿ ಒರೆಸಿದ್ರೆ ನೋಡಿ ಮತ್ತೆ.”

“ಒರೆಸಲ್ಲ.” (ಆಗಲೇ ಒರೆಸಿಯಾಗಿತ್ತು.) “ನಿನಗೇನಾದ್ರೂ ಬೇಕಾ?”

“ಯಾರಿಗೆ?”

“ನಿನಗೆ.”

ಹಿಂದೆ ಅತ್ತೆಯ ದನಿ: “ನಾನಿಲ್ದೇ ಇದ್ರೂ ಮಹಡಿಗೆ ನೀರು ಹತ್ತಿತಾ ಕೇಳೇ!”

“ನೋಡ್ತೀನಿ,” ಎಂದಳು ಹೆಂಡತಿ. ಹೋಗುವಾಗ ಹೇಳಿದ ಅದೇ ಮಾತು. ಆದರೆ ಅದೇ ಅಲ್ಲ. ಅಕ್ಷರ ಅದೇ, ಫಾಂಟು ಬೇರೆ.

೬ ಮಾರ್ಚ್, ಗುರುವಾರ

ನಾಲ್ಕು ಸಾಲು ಬರೆಯಲೂ ಪುರುಸೊತ್ತಿಲ್ಲ. ಹೆಂಡತಿ ಮಂಗಳವಾರ ಬಂದಳು. ಚಪ್ಪಲಿ ಬಿಡುವ ಮೊದಲೇ ತನ್ನ ಟವೆಲ್ ನೋಡಿದಳು. ಅಂದಿನಿಂದ ಮನೆಯ ನೆಮ್ಮದಿ ಹಾಳಾಗಿದೆ. ಹಜಾರದ ಬಲ್ಬು ಹೋಗಿದೆಯಂತೆ. ಬೀರುವಿನ ಬಾಗಿಲು ಕಿರುಗುಟ್ಟುತ್ತದೆಯಂತೆ. ಕಿಟಕಿಗೆ ಹೊಸ ಪರದೆ ಬೇಕಂತೆ, ಯಾವ ಬಣ್ಣವಾದರೂ ಸರಿ, ಬೂದು ಮಾತ್ರ ಬೇಡವಂತೆ. ಒಂದೇ ಉಸಿರಿನಲ್ಲಿ ಇಷ್ಟು! ನಾನು ಶಾಂತಿಪ್ರಿಯ ಮನುಷ್ಯ. ಈ ಗಲಾಟೆಯಲ್ಲಿ ಬಲ್ಬು ಹಾಕುವಾಗ ಶಿಳ್ಳೆ ಹೊಡೆಯುತ್ತಿದ್ದೆನಂತೆ. ಅವಳು ಹೇಳಿದಳು, ನನಗೆ ಗೊತ್ತಿಲ್ಲ.

ಅತ್ತೆ ದಿನಾ ಬೆಳಿಗ್ಗೆ ಫೋನ್ ಮಾಡುತ್ತಾರೆ. “ಇವತ್ತು ನಾನು ಎಷ್ಟಿದೀನಿ?” ಎಂದು ಕೇಳುತ್ತಾರೆ. ಗ್ರಾಫು ನೋಡಿ ಹೇಳುತ್ತೇನೆ. ಕಡಿಮೆಯಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಕಚೇರಿಯ ಫೈಲಿನಲ್ಲಿ ಸಮಿತಿ ಹೇಳಿದಂತೆ ‘ಅವನು’ ಬಂದಾಯಿತು. ನನ್ನ ಸ್ವಂತದ ಫೈಲಿನಲ್ಲಿ ಇನ್ನೊಂದು ಸಣ್ಣ ಬದಲಾವಣೆ ಮಾಡಿಕೊಂಡೆ: ಬೂದು ಗೆರೆಯನ್ನು ಹಸಿರು ಮಾಡಿ, ದಪ್ಪವನ್ನು ಒಂದರಿಂದ ಮೂರಕ್ಕೆ ಏರಿಸಿದೆ. ವಿಶೇಷವೇನಿಲ್ಲ. ಇತ್ತೀಚೆಗೆ ಕಣ್ಣು ಸ್ವಲ್ಪ ಮಂಜು.

ನಲ್ಲಿ ತೊಟ್ಟಿಕ್ಕುವುದು ನಿಂತಿದೆ. ಆದರೆ ನಾನು ಎಷ್ಟು ಬಿಗಿ ಕೂರಿಸಿದ್ದೇನೆಂದರೆ ನನ್ನ ಕೈಗಲ್ಲದೆ ತಿರುಗುವುದಿಲ್ಲ. ನೀರು ಬೇಕಾದಾಗಲೆಲ್ಲ ಅವಳು ನನ್ನನ್ನು ಕರೆಯಬೇಕು. ಸಡಿಲ ಮಾಡಿಕೊಡಲಾ ಎಂದು ನಿನ್ನೆ ಕೇಳಿದೆ.

“ಈ ಭಾನುವಾರ ನೋಡೋಣ,” ಎಂದಳು.

ಅಗೋ, ಮತ್ತೆ ಕೂಗುತ್ತಿದ್ದಾಳೆ. “ರೀ, ಬನ್ನಿ ಇಲ್ಲಿ, ನಲ್ಲಿ ತೆಗೀರಿ!” ಈ ಮನೆಯಲ್ಲಿ ಒಂದು ವಾಕ್ಯ ಪೂರ್ತಿ ಬರೆಯಲು ಬಿಡುವುದಿಲ್ಲವಲ್ಲ ಇವಳು, ಅದೂ ನಾನು ಇಷ್ಟು ಮುಖ್ಯವಾದ